ಮಗ್ಗಲ ಮನಿಯ ಮೇಲೆ ಬಂದ ಕೋಪ

ಎರಡು ಸಾವಿರದ ಇಸವಿಯ ಆಸುಪಾಸು. ನನಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಹರಪನಹಳ್ಳಿಯ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕುತ್ತಿದ್ದವಳು ಪಕ್ಕದ ಮನೆಯಾಕೆ, ಸ್ಕೂಟರ್ ಮೆಕ್ಯಾನಿಕ್ ಸಾಹೇಬರ ಹೆಂಡತಿ. "ಟೀಚರಮ್ಮ, ಮಕ ಮ್ಯಾಲೆತ್ರಿ" ಎಂದು ಬಂದರೆ, ಸೋಪು ಹಚ್ಚಿ ತೊಳೆದರೂ ಹೋಗದ ಬೆಳ್ಳುಳ್ಳಿ ವಾಸನೆ ಮೊದಲು, ಆಮೇಲೆ ಹಗುರವಾಗಿ ಒಂದು ಹನಿ. ಅಕ್ಕತಂಗಿಯರಿಲ್ಲದ ನನಗೆ ಅವಳೇ ತಂಗಿ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ನಾಲ್ಕೈದು ಹೆಂಗಸರ ಪ್ರೇಯರ್ ಮೀಟಿಂಗ್. ಅವತ್ತು ಬೈಬಲ್ ಓದುವ ಸರದಿ ನನ್ನದು, ಅಕ್ಷರ ಮಾತ್ರ ಕಾಣದು. ಕಾನ್ವೆಂಟಿನಲ್ಲಿ ಸಿಸ್ಟರ್ ಬೈಹಾರ್ಟ್ ಮಾಡಿಸಿದ್ದ, ದೇವರ ಜನರ ಪಕ್ಕದ ಏದೋಮ್ ನಾಡಿನ ಮೇಲಿನ ಜಡ್ಜ್‌ಮೆಂಟ್ ಇಂಗ್ಲಿಷಿನಲ್ಲಿ ನೆನಪಿತ್ತು. ಅದನ್ನೇ ಕನ್ನಡಕ್ಕೆ ತರುತ್ತ, ನೆರೆಯ ಮೇಲೆ ದೇವರ ಕೋಪ ಎಂದು ಶುರು ಮಾಡಿದೆ.

ತುಂಗಭದ್ರೆಯ ದಂಡೆಯ ಹಲವಾಗಲಿನಿಂದ ಬರುತ್ತಿದ್ದಾಕೆ ಎದೆ ಹಿಡಿದುಕೊಂಡಳು. "ಯವ್ವಾ, ನೆರಿ ಬರ್ತತೇನ್ರಿ? ಹೊಳಿ ದಂಡಿಗೇ ಐತಲ್ರಿ ನಮ್ಮನಿ! ರೇಡಿಯೋದಾಗ ಏನೂ ಹೇಳಿಲ್ಲಲ್ರಿ!"

"ಹೊಳಿ ನೆರಿ ಅಲ್ಲವ್ವಾ, ಮಗ್ಗಲ ಮನಿಯವ್ರು" ಎಂದೆ. ಅಲ್ಲಿಂದ ಕೊನೆಯವರೆಗೂ ಅದೇ ಪದ ಉಳಿಯಿತು. ನನ್ನದೋ ಲಾಸ್ಟ್ ಬೆಂಚಿಗೆ ಕೇಳುವ ದನಿ. "ಮಗ್ಗಲ ಮನಿಯವ್ರಿಗೆ ಸೊಕ್ಕು ಬಂದಿತ್ತು. ಎತ್ತರದಾಗ ಕಟ್ಟೀವಿ, ನಮ್ಮನ್ನ ಯಾರು ಇಳಸ್ತಾರ ಅಂತಿದ್ರು. ಅದಕ್ಕ ದೇವರು ತನ್ನ ಮಂದಿಗಂದ: ಮಗ್ಗಲ ಮನಿ ಒಣ ಸಪ್ಪಿ, ನಿಮ್ಮನಿ ಬೆಂಕಿ. ಒಂದು ಕಡ್ಡೀನೂ ಉಳಿಯಂಗಿಲ್ಲ!" ಎಲ್ಲರೂ ಆಮೆನ್ ಅಂದರು.

ಮಧ್ಯಾಹ್ನ ಡ್ರಾಪ್ಸ್ ಹಾಕಲು ಪಕ್ಕದ ಮನೆಯ ತಂಗಿ ಬರಲಿಲ್ಲ. ನಾನೇ ಸೀಸೆ ಹಿಡಿದು ತಡಕಾಡಿದೆ, ಔಷಧವೆಲ್ಲ ಕೆನ್ನೆಯ ಮೇಲೆ. ಸಂಜೆಯೂ ಇಲ್ಲ. ಎರಡು ಮನೆಗಳ ನಡುವಿನ ಗಿಡ್ಡ ಗೋಡೆಯ ಆಚೆಗೆ ಕೂಗಿದರೆ ಪಾತ್ರೆ ಕುಕ್ಕುವ ಸದ್ದೇ ಉತ್ತರ. ಔಷಧವನ್ನು ಯಾರಿಂದಾದರೂ ಹಾಕಿಸಿಕೊಳ್ಳಬಹುದಿತ್ತು. ಅವಳನ್ನು ಕಳೆದುಕೊಂಡೆನೇ ಎಂಬ ಹೆದರಿಕೆ ಬಂತು. ಗೋಡೆ ಸವರಿಕೊಂಡು ಅವಳ ಬಾಗಿಲಿಗೆ ಹೋದೆ.

"ಏನವ್ವಾ ತಂಗಿ, ನನ್ನ ಮರತ್ಯಾ?"

"ಎಲ್ಲಿಯಾರ ಸಪ್ಪಿ ಬೆಂಕಿ ಹತ್ರ ಬರ್ತತೇನ್ರಿ, ಟೀಚರಮ್ಮ?"

"ಯಾವ ಸಪ್ಪಿ?" ಎಂದೆ.

"ಮುಂಜಾನಿ ಗ್ವಾಡಿ ಆಚಿಗೆಲ್ಲಾ ಕೇಳಸ್ತು. ಮಾಳಿಗಿ ಮ್ಯಾಲೆ ಒಂದು ರೂಮು ಹಾಕಿದ್ದು ನಿಮ್ಮ ದೇವರ ಕಣ್ಣಿಗೂ ಚುಚ್ಚಿತಾ?"

ಮೈ ಗಾಡ್! ನಗು ಉಕ್ಕಿತು. ಅವಳು ಬಾಗಿಲು ಎಳೆದುಕೊಳ್ಳತೊಡಗಿದಳು, ನಗು ಅಲ್ಲೇ ನಿಂತಿತು. ಹೊಸ್ತಿಲ ಮೇಲೆ ಕುಳಿತು ಪೂರಾ ಕಥೆ ಹೇಳಿದೆ. ಏದೋಮಿನವರು ಅಣ್ಣನ ವಂಶ. ತಮ್ಮ, ಅವಳಿಗೂ ಗೊತ್ತಿದ್ದ ಯಾಕೂಬ್ ಪೈಗಂಬರರು. ಇಬ್ಬರೂ ಅವಳಿಜವಳಿ. ತಮ್ಮನ ವಂಶದವರ ಊರು ಲೂಟಿಯಾಗುವಾಗ ಅಣ್ಣನ ಕಡೆಯವರು ನಿಂತು ನೋಡಿದರು, ಓಡಿ ಬಂದವರನ್ನು ಹಿಡಿದುಕೊಟ್ಟರು. ದೇವರಿಗೆ ಸಿಟ್ಟು ಬಂದದ್ದು ಅದಕ್ಕೆ.

"ಅಣ್ಣತಮ್ಮರಾ?" ಎಂದಳು. "ಅದನ್ನ ಮೊದ್ಲು ಹೇಳ್ಬೇಕಿಲ್ರಿ! ಬರೀ ಬೆಂಕಿ ಹಚ್ಚಿ ಬಿಟ್ರಿ."

"ಹೌದವ್ವಾ, ನಡುವಿಂದು ಬಿಟ್ಟೆ."

ಅವಳೂ ನನ್ನ ಪಕ್ಕ ಕುಳಿತಳು. "ಮಧ್ಯಾಹ್ನ ನೀವು ಬಾಟ್ಲಿ ಹಿಡ್ಕಂಡು ತಡಕಾಡದು ನೋಡಿದೆರೀ, ಗ್ವಾಡಿ ಮ್ಯಾಲಿಂದ. ನಾನೂ ನಿಂತು ನೋಡಿದೆ. ತೋಬಾ ತೋಬಾ... ಎಲ್ಲೈತಿ ಬಾಟ್ಲಿ?"

ಸೆರಗಿನಲ್ಲೇ ಇತ್ತು. ಆ ಹೊಸ್ತಿಲ ಮೇಲೆ, ಅವಳ ಅಂಗೈಗೆ ತಲೆಯಾನಿಸಿ, ದೇವರಿಗೆ ಥ್ಯಾಂಕ್ಸ್ ಹೇಳಿದೆ. ಸ್ಕ್ರಿಪ್ಚರ್ ಕ್ಲಾಸಿನಲ್ಲಿ ಫಸ್ಟ್ ಬಂದಾಗಲೂ ಅಷ್ಟು ಮನಸಾರೆ ಹೇಳಿರಲಿಲ್ಲ.

ಆಮೇಲೆ ನಾನು ಆ ಮನೆಯಲ್ಲಿ ಇರುವವರೆಗೂ, ಪ್ರತಿ ಭಾನುವಾರ ಗೋಡೆಯ ಆಚೆಯಿಂದ ಕೇಳುತ್ತಿದ್ದಳು: "ಟೀಚರಮ್ಮ, ಈ ವಾರ ಯಾರ ಮನಿ ಸುಡ್ತೀರಿ?"