ಫಾತಿಮಾಬಿ ಮತ್ತು ಹಾರೂನನ ಮರಿ

ನವಲಗುಂದದ ನಮ್ಮ ಓಣಿಯಲ್ಲಿ ಜಮಖಾನೆ ನೇಯುವ ಮನೆಗಳು ಈಗ ಕೆಲವೇ ಉಳಿದಿವೆ. ನಮ್ಮ ಗೋಡೆಗೆ ಹೊಂದಿಕೊಂಡ ಮನೆ ಫಾತಿಮಾಬಿಯದು. ವಯಸ್ಸು ಅರವತ್ತೊಂದು. ಈ ವಿದ್ಯೆಯನ್ನು ಆಕೆಗೆ ಕಲಿಸಿದವರು ಅತ್ತೆ. ಬೇರೆ ಮನೆಗೆ ಹೋಗುವ ಹೆಣ್ಣುಮಕ್ಕಳಿಗೆ ಹೇಳಿಕೊಡದೆ ಮನೆಗೆ ಬಂದ ಸೊಸೆಗೆ ಹೇಳಿಕೊಡುವುದು ಅವರಲ್ಲಿ ನಡೆದುಬಂದ ಪದ್ಧತಿ. ಬೆಳಿಗ್ಗೆ ಎಂಟಕ್ಕೆ ಪಂಜಾದ ಸದ್ದು ಶುರುವಾಗುತ್ತದೆ. ಪಂಜಾ ಎಂದರೆ ಕಬ್ಬಿಣದ ಹಲ್ಲುಗಳಿರುವ ಕೈಸಾಧನ. ಒಂದೊಂದು ನೂಲು ಸೇರಿಸಿದ ಮೇಲೂ ಅದರಿಂದ ನಾಲ್ಕಾರು ಪೆಟ್ಟು ಹಾಕಿ ಬಿಗಿ ಮಾಡಬೇಕು.

ಮಾರ್ಚ್ ಏಳರಂದು ಆಕೆಯ ಒಬ್ಬನೇ ಮಗ ಹಾರೂನ್ ತನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕುಳಿತಲ್ಲೇ ತೀರಿಕೊಂಡ. ಮೂವತ್ತೊಂದು ವರ್ಷ. ನಾಲ್ಕನೆಯ ದಿನಕ್ಕೆ ಫಾತಿಮಾಬಿ ಮಗ್ಗದ ಮುಂದೆ ಕುಳಿತಳು. ಆಕೆ ಅತ್ತದ್ದನ್ನು ನಾನು ಕಾಣಲಿಲ್ಲ.

ಹಾರೂನನ ಬಳಿ ಹುಬ್ಬಳ್ಳಿಯಲ್ಲಿ ಕೊಂಡ ಹಳೆಯ ಗೇಮ್ ಯಂತ್ರವೊಂದಿತ್ತು. ಅದರೊಳಗೆ ಒಂದು ವಿಚಿತ್ರ ಪ್ರಾಣಿಯನ್ನು ಸಾಕುವ ಆಟ. ಯಂತ್ರದ ಜೊತೆಗೆ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ, ಹೆಜ್ಜೆ ಎಣಿಸಿ ಅಂಕಿ ತೋರಿಸುವ ರೂಪಾಯಿ ಗಾತ್ರದ ಬಿಲ್ಲೆ. ಪ್ರಾಣಿಯನ್ನು ಬಿಲ್ಲೆಗೆ ಇಳಿಸಿಕೊಂಡು ನಡೆದರೆ ಹೆಜ್ಜೆಗಳೇ ಅದಕ್ಕೆ ಆಹಾರ. ದಿನಕ್ಕೆ ಸಾವಿರ ಹೆಜ್ಜೆ ಬೇಕು. ಮೂರು ದಿನ ತಪ್ಪಿದರೆ ಅದು ಬಿಟ್ಟುಹೋಗುತ್ತದೆ. ಗಿಡ್ಡ ಕಾಲಿನ, ದುಂಡು ಹೊಟ್ಟೆಯ ಆ ಮರಿಗೆ ಅವನು ಶೇಂಗಾ ಎಂದು ಹೆಸರಿಟ್ಟಿದ್ದ. ಅವನು ತೀರಿದಾಗ ಯಂತ್ರ ಬೀಗ ಹಾಕಿದ ಅಂಗಡಿಯಲ್ಲಿ ಉಳಿಯಿತು. ಮರಿಯಿದ್ದ ಬಿಲ್ಲೆ ಅವನ ಬಟ್ಟೆಯೊಡನೆ ಮನೆಗೆ ಬಂತು.

ಅವನ ಹೆಂಡತಿ ರೂಬಿನಾ ಇದ್ದತ್ತಿನಲ್ಲಿದ್ದಳು. ಗಂಡ ತೀರಿದ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಬಾರದು. ಅವಳು ಬಿಲ್ಲೆಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಒಳಗಿನ ಕೋಣೆಯಲ್ಲೇ ಗೋಡೆಯಿಂದ ಗೋಡೆಗೆ ನಡೆಯತೊಡಗಿದಳು. ಮಾತಾಡಿಸಲು ಬಂದ ಹೆಂಗಸರು ಮುಖ ಮುಖ ನೋಡಿಕೊಂಡರು. ನಾನು ಹೋದಾಗ ಫಾತಿಮಾಬಿ ಅವಳನ್ನು ತಡೆದು ನಿಲ್ಲಿಸಿದ್ದಳು.

"ಏನ್ ಬೇಟಿ, ಗಾಣದ ಎತ್ತಿನಂಗ ತಿರಗತಿ? ಮಂದಿ ಏನಂದಾರು?"

"ನಡೀಲಿಲ್ಲಂದ್ರ ಇದು ಹೋಗಿಬಿಡತೈತ್ರಿ ಅಮ್ಮಾ. ಅವರ ಮರಿ."

ಫಾತಿಮಾಬಿ ಬಿಲ್ಲೆಯನ್ನು ಕೈಗೆ ತಗೊಂಡು ಅಲುಗಾಡಿಸಿದಳು. ಅಂಕಿ ಒಂದು ಏರಿತು. ಇನ್ನೊಮ್ಮೆ ಅಲುಗಾಡಿಸಿದಳು. "ಹಿಂಗಾ? ಇದಕ್ಕ ಕಾಲ ಯಾಕ ಬೇಕು?" ಎಂದವಳೇ ಕೆಂಪು ನೂಲಿನಿಂದ ಅದನ್ನು ಪಂಜಾದ ಹಿಡಿಗೆ ಕಟ್ಟಿದಳು.

ಅಂದಿನಿಂದ ಒಂದೊಂದು ಪೆಟ್ಟೂ ಒಂದು ಹೆಜ್ಜೆಯಾಯಿತು. ಕೆಲವು ದಿನ ಹನ್ನೆರಡು ಸಾವಿರ ದಾಟುತ್ತಿತ್ತು. ಸಂಜೆ ಫಾತಿಮಾಬಿ, "ಉಂಡತೇನ?" ಎಂದು ಕೇಳುವಳು. ರೂಬಿನಾ ನೋಡಿ, "ಉಂಡೈತ್ರಿ" ಎನ್ನುವಳು. ಅದಕ್ಕಿಂತ ಹೆಚ್ಚಿನ ಮಾತು ಆ ಮನೆಯಲ್ಲಿ ನನಗೆ ಕೇಳಿಸಲಿಲ್ಲ.

ಜುಲೈನಲ್ಲಿ ಇದ್ದತ್ ಮುಗಿಯಿತು. ಫಾತಿಮಾಬಿಯ ತಮ್ಮ ಶರೀಫಸಾಬ ಅಂಗಡಿ ತೆಗೆಸಿ ಯಂತ್ರ ತಂದುಕೊಟ್ಟ. ಪರದೆಯ ಮೇಲಿನ ಇಂಗ್ಲಿಷ್ ಓದಲು ನನ್ನನ್ನು ಕರೆದರು. ಬಿಲ್ಲೆಯನ್ನು ಹತ್ತಿರ ಹಿಡಿದೊಡನೆ ಶೇಂಗಾ ಯಂತ್ರದೊಳಗೆ ಬಂದು ನಿಂತು ಕಣ್ಣು ಪಿಳುಕಿಸಿತು. ಕೆಳಗೆ ಒಂದು ಪ್ರಶ್ನೆ ಮೂಡಿತು. ನಾನು ಕನ್ನಡದಲ್ಲಿ ಹೇಳಿದೆ: ಮರಿ ದೊಡ್ಡದಾಗಲು ಸಿದ್ಧವಾಗಿದೆ, ಬೆಳೆಯಲಿ ಎನ್ನುತ್ತೀರೋ, ಬೇಡ ಎನ್ನುತ್ತೀರೋ?

"ಅವರು ಪ್ರತಿ ಸಲ ಬ್ಯಾಡ ಅಂತ ಒತ್ತತಿದ್ರು," ಎಂದಳು ರೂಬಿನಾ. "ಇಷ್ಟ ಇರಲಿ, ಹಿಂಗ ಚಂದ ಐತಿ ಅಂತಿದ್ರು."

ಫಾತಿಮಾಬಿಗೆ ಇದು ಗೊತ್ತಿರಲಿಲ್ಲ. ಆಕೆ ಇಷ್ಟು ದಿನ ಪಂಜಾ ಬಡಿದ ತನ್ನ ಬಲಗೈ ನೋಡಿಕೊಂಡಳು. "ನನಗ ಹೇಳಬಾರದಾ? ಮತ್ತ ಬ್ಯಾಡ ಅನ್ನು. ನಿನ್ನ ಗಂಡಂದು, ನೀ ಹೇಳ."

"ನಾಕ ತಿಂಗಳ ಉಣಿಸಿದವರು ನೀವು. ನೀವ ಹೇಳ್ರಿ ಅಮ್ಮಾ."

"ನಾ ಹೇಳಾಕ ಯಾರು? ನೀ ಒತ್ತ."

"ನಿಮ್ಮನ್ನ ಮೀರಿ ನಾ ಹೆಂಗ ಒತ್ತಲಿ?"

ಪ್ರಶ್ನೆಯ ಕೆಳಗೆ ಹಸಿರು ಗೆರೆಯೊಂದು ಮೊಟಕಾಗುತ್ತ ಬರುತ್ತಿತ್ತು. ಅದು ಸಮಯದ ಗೆರೆ ಎಂದು ನನಗೆ ಗೊತ್ತಾಗಿತ್ತು. ಅತ್ತೆ-ಸೊಸೆಯರ ಮಾತಿನ ನಡುವೆ ಬಾಯಿ ಹಾಕುವುದು ಸರಿಯಲ್ಲವೆಂದು ಸುಮ್ಮನಿದ್ದೆ. ಗೆರೆ ಮುಗಿಯಿತು. ಪರದೆ ಬೆಳ್ಳಗಾಯಿತು. ಉತ್ತರವಿಲ್ಲದ್ದನ್ನು ಯಂತ್ರ ಒಪ್ಪಿಗೆಯೆಂದು ತಿಳಿಯಿತು. ಮತ್ತೆ ಬಣ್ಣ ಬಂದಾಗ ಅಲ್ಲಿ ನಿಂತಿದ್ದದ್ದು ಉದ್ದ ಕುತ್ತಿಗೆಯ, ಕೋಡಿನ, ಪರದೆಯಲ್ಲಿ ಹಿಡಿಸದಷ್ಟು ದೊಡ್ಡದೊಂದು ಪ್ರಾಣಿ.

"ಶೇಂಗಾ ಎಲ್ಲಿ?" ಎಂದಳು ಫಾತಿಮಾಬಿ.

"ಇದ ರೀ," ಎಂದಳು ರೂಬಿನಾ.

ಫಾತಿಮಾಬಿ ನನ್ನ ಕಡೆ ತಿರುಗಿದಳು. "ಅಕ್ಕಾರ, ಹಿಂದ ಹೊಳ್ಳಿಸಾಕ ಬರತೈತೇನ್ರಿ?"

ನಾನು ಅಲ್ಲಿದ್ದದ್ದನ್ನೆಲ್ಲ ಎರಡು ಸಲ ಓದಿದೆ. "ಬರಾಂಗಿಲ್ರಿ," ಎಂದೆ.

ಆಕೆ ತಲೆಯಾಡಿಸಿದಳು. ಚಾರ್ಜ್ ಮುಗಿದೀತೆಂದು ರೂಬಿನಾ ಯಂತ್ರ ಆರಿಸಿದಳು. ಚಹಾ ಬಂತು; ಮೂವರೂ ಕುಡಿದೆವು. ಸಕ್ಕರೆ ಕಡಿಮೆಯಾಗಿತ್ತು, ಯಾರೂ ಕೇಳಲಿಲ್ಲ.