ನೀರು ತಿರುಗುತ್ತಾ ಉಂಟು ಎಂದು ಹೇಳಿದ್ದು

ಮೊಮ್ಮಗಳ ಹವಳಗಳನ್ನು ಕೊಂದದ್ದು ನಾನು. ಕರೆಂಟು ಹೋಗಿ ಸತ್ತವು ಎಂದು ಮನೆಗೆ ಬಂದವರಿಗೆಲ್ಲ ಅವಳು ಹೇಳಿದಳು. ಅದು ಅವಳ ದೊಡ್ಡತನ. ಕರೆಂಟು ಹೋದದ್ದು ಹೌದು. ಆದರೆ ಹೋದರೂ ತೊಂದರೆ ಆಗದಿರಲಿ ಎಂದು ಅವಳು ಬ್ಯಾಟರಿ ಇಟ್ಟು, ನನ್ನನ್ನೂ ಇಟ್ಟು ಹೋಗಿದ್ದಳು. ಬ್ಯಾಟರಿ ತನ್ನ ಕೆಲಸ ಮಾಡಿತು.

ಅವಳಿಗೆ ಕಡಬದಲ್ಲಿ ಕೆಲಸ. ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವುದು ಬೇಡವೆಂದು ನಾನು ಊರಿನ ತೋಟದ ಮನೆಯಿಂದ ಬಂದು ಜೊತೆಗಿದ್ದೇನೆ. ಎದುರಿನ ಕೋಣೆಯಲ್ಲಿ ಗಾಜಿನ ಟ್ಯಾಂಕು, ಒಳಗೆ ಉಪ್ಪುನೀರು, ಕಲ್ಲು, ಕಲ್ಲಿಗೆ ಅಂಟಿಕೊಂಡ ಜೀವಂತ ಹವಳ. ಹವಳ ಎಂದರೆ ಕೊರಳಿಗೆ ಹಾಕುವುದು ಎಂದಷ್ಟೇ ನನಗೆ ಗೊತ್ತಿದ್ದದ್ದು. ಇವು ಮೆತ್ತಗಿನವು. ಕೆಲವು ಅಣಬೆಯ ಹಾಗೆ. ಒಂದು ಹಸಿರು ಬಣ್ಣದ್ದು, ಬೆರಳು ಆಡಿಸುವ ಹಾಗೆ ಆಡುತ್ತಿತ್ತು. ಉಗುರಿನಷ್ಟಿದ್ದಾಗ ತಂದದ್ದಂತೆ, ನಾಲ್ಕು ವರ್ಷದಲ್ಲಿ ನನ್ನ ಅಂಗೈಗಿಂತ ದೊಡ್ಡದಾಗಿತ್ತು. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಎರಡು ಮೀನೂ ಇದ್ದವು.

ನಾನು ಅವಳನ್ನು ಹಂಗಿಸುತ್ತಿದ್ದೆ. ಕಲ್ಲಿಗೆ ನೀರು ಹಾಕುವವಳನ್ನು ಯಾರು ಮದುವೆಯಾಗುತ್ತಾರೆ ಎಂದರೆ, ‘ಕಲ್ಲು ನಿಮ್ಮಷ್ಟು ಮಾತಾಡುದಿಲ್ಲ ಅಜ್ಜಿ’ ಎಂದು ಗಾಜು ಒರೆಸಲು ಕೂತುಕೊಳ್ಳುವಳು. ಇವಕ್ಕೆ ಊಟ ಏನು ಎಂದು ಒಮ್ಮೆ ಕೇಳಿದ್ದೆ. ಬೆಳಕೇ ಊಟ ಎಂದಿದ್ದಳು. ಆ ಮಾತು ಮಾತ್ರ ನನ್ನ ತಲೆಯಲ್ಲಿ ಗಟ್ಟಿ ಕೂತಿತು.

ಮಳೆಗಾಲಕ್ಕೆ ಮುಂಚಿನ ಗಾಳಿಯ ದಿನಗಳು. ಅವಳಿಗೆ ಮಂಗಳೂರಿನಲ್ಲಿ ಎರಡು ದಿನದ ಟ್ರೈನಿಂಗು. ಹೋಗುವ ಮೊದಲು ಟ್ಯಾಂಕಿನ ಪಕ್ಕದ ಬ್ಯಾಟರಿ ತೋರಿಸಿ, ಕರೆಂಟು ಹೋದರೆ ಇದು ತನ್ನಷ್ಟಕ್ಕೆ ನಡೆಯುತ್ತದೆ, ಏನೂ ಮುಟ್ಟಬೇಡಿ ಎಂದಳು. ಯಾಕೆ ಎಂದು ಬಿಡಿಸಿ ಹೇಳಲು ಹೊರಟವಳನ್ನು ನಾನೇ ತಡೆದೆ. ಐವತ್ತು ವರ್ಷ ತೋಟದ ಪಂಪು ನೋಡಿದವಳಿಗೆ ನೀನು ಕರೆಂಟಿನ ಪಾಠ ಮಾಡಬೇಡ ಎಂದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಪಾಠ ಎಂದರೆ ಮೈ ಉರಿಯುತ್ತದೆ. ಅವಳು ನಕ್ಕು ಬಸ್ಸಿಗೆ ಹೋದಳು.

ಅವಳು ಹೋಗಿ ಒಂದು ಗಂಟೆಯೊಳಗೆ ಗಾಳಿ ಎದ್ದಿತು. ಮರ ಬಿದ್ದು ಕಂಬಗಳೇ ಮುರಿದವು, ನಾಳೆಯವರೆಗೆ ಕರೆಂಟಿನ ಆಸೆ ಬೇಡ ಎಂದು ಲೈನ್‌ಮ್ಯಾನ್ ಹೇಳಿಹೋದ. ಟ್ಯಾಂಕು ನೋಡುತ್ತೇನೆ, ಲೈಟು ಆರಿ ಕತ್ತಲೆ. ಬ್ಯಾಟರಿಯಲ್ಲಿ ನಡೆಯುತ್ತಿದ್ದದ್ದು ನೀರು ತಳ್ಳುವ ಸಣ್ಣ ಮೋಟಾರು ಒಂದೇ.

ತೋಟದಲ್ಲಿ ಕರೆಂಟು ಹೋದ ಕೂಡಲೇ ನಾವು ಓಡುವುದು ಪಂಪಿನ ಶೆಡ್ಡಿಗೆ. ಮೋಟಾರು ಬಂದ್ ಮಾಡದಿದ್ದರೆ, ಅರ್ಧ ಜೀವದ ಕರೆಂಟು ಬಂದಾಗ ಅದು ಸುಟ್ಟುಹೋಗುತ್ತದೆ. ಮತ್ತೆ ಪುತ್ತೂರಿಗೆ ಹೊತ್ತುಕೊಂಡು ಹೋಗಿ ತಂತಿ ಸುತ್ತಿಸಿ ತರುವಾಗ ವಾರ, ಅಷ್ಟರಲ್ಲಿ ಸಸಿ ಬಾಡುತ್ತದೆ. ನನ್ನ ಗಂಡ ಊಟದ ಎಲೆಯಿಂದ ಎದ್ದು ಓಡಿದ್ದುಂಟು. ಆ ಅಭ್ಯಾಸ ನನ್ನ ಕೈಗೆ ಹತ್ತಿಹೋಗಿದೆ. ಊಟವಿಲ್ಲದೆ ಹವಳ ಕತ್ತಲೆಯಲ್ಲಿ ಕೂತಿದೆ, ಮೋಟಾರು ಸುಮ್ಮನೆ ತಿರುಗುತ್ತಿದೆ. ಹುಡುಗಿ ಅವಸರದಲ್ಲಿ ತಪ್ಪಿ ಸಿಕ್ಕಿಸಿದ್ದಾಳೆ ಎಂದುಕೊಂಡೆ. ಮೋಟಾರಿನ ಪ್ಲಗ್ಗು ಕಿತ್ತೆ. ಅದೇ ಜಾಗಕ್ಕೆ ಲೈಟಿನದ್ದು ಹಾಕಿದೆ. ಟ್ಯಾಂಕು ನೀಲಿಯಾಗಿ ಬೆಳಗಿತು. ದೊಡ್ಡ ಕೆಲಸ ಮಾಡಿದವಳ ಹಾಗೆ ಚಹಾ ಕುಡಿದೆ.

ಸಂಜೆ ಅವಳ ಫೋನು ಬಂತು. ಗಾಳಿಯ ಸುದ್ದಿ ಅಲ್ಲಿಗೂ ಮುಟ್ಟಿತ್ತು.

‘ನೀರು ತಿರುಗ್ತಾ ಉಂಟಲ್ಲ ಅಜ್ಜಿ?’

‘ತಿರುಗ್ತಾ ಉಂಟು’ ಎಂದೆ.

ಮುಟ್ಟಬೇಡಿ ಎಂದದ್ದನ್ನು ಮುಟ್ಟಿದ್ದೆ. ನಾನು ಮೀಯಿಸಿ ಬೆಳೆಸಿದ ಹುಡುಗಿಯಿಂದ ಹೇಳಿಸಿಕೊಳ್ಳುವುದು ಬೇಡವಾಗಿತ್ತು. ನಾಳೆ ಅವಳು ಬರುವ ಮುಂಚೆ ಮೊದಲಿನ ಹಾಗೆ ಸಿಕ್ಕಿಸಿದರಾಯಿತು ಎಂದು ಲೆಕ್ಕ ಹಾಕಿದೆ. ಆಮೇಲೆ ಫೋನಿನ ಟವರೂ ಸತ್ತಿತು.

ಬೆಳಿಗ್ಗೆ ಎರಡೂ ಮೀನು ನೀರಿನ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ನಮ್ಮ ತೋಟದ ಕೆರೆಯ ಮೀನು ಹಾಗೆ ಬಂದರೆ ಅಕ್ಕಿ ಹಾಕುತ್ತಿದ್ದೆವು. ಪಾಪ, ಹಸಿವು ಎಂದು ಡಬ್ಬದಲ್ಲಿದ್ದ ತಿಂಡಿ ಎರಡು ಪಾಲು ಹಾಕಿದೆ. ಅವು ಮುಟ್ಟಲಿಲ್ಲ. ಮಧ್ಯಾಹ್ನಕ್ಕೆ ಒಂದು ಮೀನು ಅಡ್ಡ ಬಿತ್ತು, ನೀರು ನಾತ ಹೊಡೆಯಿತು. ಹಸಿರು ಹವಳ ಮುದುಡಿ, ಮೈಯಿಂದ ಲೋಳೆ ಬಿಡುತ್ತಿತ್ತು. ಬೆಳಕು ಮಾತ್ರ ಅದರ ಮೇಲೆ ಚಂದವಾಗಿ ಬೀಳುತ್ತಿತ್ತು. ಆಗ ಹೆದರಿಕೆಯಾಗಿ ಪ್ಲಗ್ಗು ಬದಲಿಸಿದೆ. ಮೋಟಾರು ಎರಡು ಸುತ್ತು ತಿರುಗಿ ನಿಂತಿತು. ಲೈಟು ಬ್ಯಾಟರಿಯನ್ನು ಪೂರ್ತಿ ಹೀರಿತ್ತು.

ಅವಳು ಬಂದವಳು ಚಪ್ಪಲಿ ಬಿಡಲಿಲ್ಲ. ಒಂದು ಚೆಂಬು ತೆಗೆದುಕೊಂಡು ಟ್ಯಾಂಕಿನ ನೀರನ್ನೇ ಮೊಗೆದು ಎತ್ತರದಿಂದ ಹೊಯ್ಯತೊಡಗಿದಳು. ಕೈ ಸೋತರೆ ಇನ್ನೊಂದು ಕೈಗೆ ಚೆಂಬು. ನೀರು ಹೀಗೆ ಆಡುತ್ತಿದ್ದರೆ ಸಾಕಿತ್ತಂತೆ, ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ನನಗೆ ಎರಡು ಕೈ ಇತ್ತು, ಮನೆಯಲ್ಲಿ ಚೆಂಬೂ ಇತ್ತು. ಕರೆಂಟು ಬರುವವರೆಗೆ ಅವಳು ಹೊಯ್ಯುತ್ತಲೇ ಇದ್ದಳು. ಆಮೇಲೆ, ಅಷ್ಟರಲ್ಲಿ ಸತ್ತಿದ್ದ ಎರಡೂ ಮೀನುಗಳನ್ನು ತೆಗೆಯುತ್ತಾ ಕೇಳಿದಳು.

‘ಮೋಟಾರು ಯಾವಾಗ ತೆಗೆದದ್ದು?’

‘ನಿನ್ನೆ ಬೆಳಿಗ್ಗೆ.’

‘ನಿನ್ನೆ ಸಂಜೆ ನಾನು ಕೇಳಿದ್ದೆ.’

‘ಹೌದು.’

‘ಬೆಳಕು ಮೂರು ದಿನ ಇಲ್ಲದಿದ್ರೂ ಅವಕ್ಕೆ ಎಂತ ಆಗ್ತಿರ್ಲಿಲ್ಲ ಅಜ್ಜಿ. ನೀರು ನಿಂತರೆ ಉಸಿರು ಇಲ್ಲ. ಸಂಜೆ ಹೇಳಿದ್ರೂ ಸಾಕಿತ್ತು.’

ಅಷ್ಟೇ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರವಾಗುತ್ತಿದ್ದೆ. ಪ್ಲಗ್ಗು ಕಿತ್ತದ್ದಕ್ಕೆ ನನಗೆ ನಾಚಿಕೆಯಿಲ್ಲ, ಗೊತ್ತಿರಲಿಲ್ಲ, ಕಿತ್ತೆ. ಆದರೆ ನೀರು ನಿಂತದ್ದು ಕಣ್ಣೆದುರು ಕಾಣುತ್ತಿರುವಾಗ ತಿರುಗುತ್ತಾ ಉಂಟು ಎಂದೆನಲ್ಲ, ಅದು ಗೊತ್ತಿಲ್ಲದೆ ಆಡಿದ ಮಾತಲ್ಲ. ಹಸಿರು ಹವಳ ಮೂರನೆಯ ದಿನ ಕರಗಿಹೋಯಿತು.

ಅಣಬೆಯಂಥ ಎರಡು ಹವಳ ಉಳಿದಿವೆ. ಅವಳು ನನ್ನೊಡನೆ ಮೊದಲಿನ ಹಾಗೆಯೇ ಇದ್ದಾಳೆ, ಮದ್ದು ಮರೆತರೆ ಗದರುತ್ತಾಳೆ. ಆದರೆ ಊರು ಬಿಟ್ಟು ಹೋದಾಗ ಸಂಜೆಯ ಫೋನು ಈಗ ಪಕ್ಕದ ಮನೆಯ ಟೀಚರಿಗೆ ಬರುತ್ತದೆ. ಅವರು ಫೋನು ಹಿಡಿದುಕೊಂಡೇ ಒಳಗೆ ಬಂದು, ಟ್ಯಾಂಕಿಗೆ ಬಗ್ಗಿ ನೋಡಿ, ನೀರು ಹೇಗೆ ಉಂಟು ಎಂದು ಅವಳಿಗೆ ಹೇಳುತ್ತಾರೆ. ನಾನು ಅದೇ ಕೋಣೆಯಲ್ಲಿ ಕುರ್ಚಿಯಲ್ಲಿ ಕೂತಿರುತ್ತೇನೆ. ಟೀಚರಿಗೆ ಸಂಕೋಚವಾಗಿ, ಅಜ್ಜಿಯ ಹತ್ತಿರ ಮಾತಾಡ್ತೀಯಾ ಎಂದು ಕೇಳಿ ಫೋನು ನನ್ನ ಕೈಗೆ ಕೊಡುತ್ತಾರೆ. ಅವಳು ನನ್ನ ಊಟ ಆಯಿತೇ ಎಂದು ಕೇಳುತ್ತಾಳೆ. ನೀರಿನ ವಿಷಯ ಕೇಳುವುದಿಲ್ಲ.