ಆಂಟಿ ಕೂಗಿ ಕರೆದ ರೈಲು

ಮೊನ್ನೆ ಗಂಟಲು ಕಟ್ಟಿತ್ತೆಂದು ಕೆಮಿಸ್ಟ್ ಹತ್ತಿರ ಚೀಪುವ ಮಾತ್ರೆ ತಂದು ಪೊಟ್ಟಣ ಬಿಚ್ಚಿದೆ. ನೀಲಗಿರಿಯ ಘಾಟು ಮೂಗಿಗೆ ಬಡಿದದ್ದೇ ತಡ, ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿದ್ದಾಗಿನ ಮೇಲಿನ ಮನೆಯ ಆಂಟಿ ಎದುರು ಬಂದು ನಿಂತಂತಾಯಿತು…

ಮಂಗಳೂರಿನವರು. ಮದುವೆಯಾಗಿ ಇಂಗ್ಲೆಂಡಿನ ಒಂದು ಪುಟ್ಟ ಊರಿಗೆ ಹೋಗಿ, ಅಲ್ಲಿಯ ರೈಲು ಸ್ಟೇಷನ್ನಿನಲ್ಲಿ ಕೆಲಸಕ್ಕೆ ಸೇರಿದ್ದರು. ಟಿಕೆಟ್ ಕೊಡುವುದು, ವೆಯ್ಟಿಂಗ್ ರೂಮಿನ ಒಲೆಗೆ ಕಲ್ಲಿದ್ದಲು ಹಾಕುವುದು, ಮೈಕಿನಲ್ಲಿ ರೈಲು ಬರುವುದನ್ನು ಹೇಳುವುದು, ಎಲ್ಲವೂ ಅವರದೇ. ಮುಂದಿನ ಊರುಗಳ ಹೆಸರನ್ನು ಇಗರ್ಜಿಯ ಪ್ರಾರ್ಥನೆಯ ರಾಗದಲ್ಲಿ ಹೇಳುತ್ತಿದ್ದರಂತೆ. ಮೊದಮೊದಲು ಊರು ನಕ್ಕಿತು. ಆಮೇಲೆ ಶಾಲೆಯ ಮಕ್ಕಳೆಲ್ಲ ಅದೇ ರಾಗ ಹಾಡತೊಡಗಿದರು. ಕೊನೆಗೊಂದು ದಿನ ಆ ದಾರಿಯಲ್ಲಿ ಲಾಭವಿಲ್ಲವೆಂದು ರೈಲನ್ನೇ ನಿಲ್ಲಿಸಿದರು. ಸ್ಟೇಷನ್ನಿಗೆ ಬೀಗ ಬಿತ್ತು. ಗಂಡ ತೀರಿಕೊಂಡ ಮೇಲೆ ಆಂಟಿ ಸಿಡ್ನಿಯ ಮಗಳ ಮನೆಗೆ ಬಂದರು.

ನಾನಾಗ ಕೆಳಗಿನ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದ ನರ್ಸ್. ಆಂಟಿಗೆ ಗಂಟಲಿನ ಆಪರೇಷನ್ ಆಗಿ ಸ್ವರ ಒಡೆದಿತ್ತು. ಫೋನ್ ಎತ್ತುವುದನ್ನೂ ಬಿಟ್ಟಿದ್ದರು. ಅಂಥ ದಿನಗಳಲ್ಲೇ ಸುದ್ದಿ ಬಂತು. ಇಂಗ್ಲೆಂಡಿನ ಆ ಊರವರು ವರ್ಷಗಟ್ಟಲೆ ಹೋರಾಡಿ ಗೆದ್ದಿದ್ದರು, ರೈಲು ಮತ್ತೆ ಬರಲಿತ್ತು. ಮೊದಲ ರೈಲನ್ನು ಆಂಟಿಯೇ ಫೋನಿನಲ್ಲಿ ಕೂಗಿ ಹೇಳಬೇಕಂತೆ, ಅವರು ಅದನ್ನು ಮೈಕಿಗೆ ಹಿಡಿಯುತ್ತಾರಂತೆ.

"ಈ ಸ್ವರ ಯಾರಿಗೆ ಬೇಕು ಮಾರಾಯ್ತಿ? ಕಾಗೆಯ ಹಾಗುಂಟು," ಎಂದರು.

"ಅವರು ಕೇಳ್ತಿರೋದು ನಿಮ್ಮನ್ನೇ ಅಲ್ವಾ ಆಂಟಿ? ಡೈಲಿ ಪ್ರಾಕ್ಟೀಸ್ ಮಾಡೋಣ, ಬನ್ನಿ."

ನನ್ನ ಡ್ಯೂಟಿ ಮುಗಿದ ಮೇಲೆ ಅವರ ಬಾಲ್ಕನಿಯಲ್ಲಿ ಅಭ್ಯಾಸ ನಡೆಯಿತು, ಆಂಟಿಯ ಬಾಯಲ್ಲಿ ಸದಾ ಇದೇ ನೀಲಗಿರಿ ಮಾತ್ರೆ.

ಮೊದಲ ರೈಲಿನ ದಿನ ಬಂತು. ನಮಗೆ ಸಂಜೆ, ಅಲ್ಲಿ ಬೆಳಿಗ್ಗೆ. ಆಂಟಿ ಹೊಸ ಸೀರೆ ಉಟ್ಟು ಫೋನಿನ ಮುಂದೆ ನೆಟ್ಟಗೆ ಕೂತು ಇಂಗ್ಲಿಷಿನಲ್ಲಿ ಶುರು ಮಾಡಿದರು. ಎರಡು ಊರುಗಳ ಹೆಸರು ದಾಟಿತು. ಮೂರನೆಯದಕ್ಕೆ ಸ್ವರ ಕೈಕೊಟ್ಟಿತು. ಕಣ್ಣು ಮುಚ್ಚಿಕೊಂಡರು. ನಾನು ಅವರ ಕೈ ಹಿಡಿದೆ…

ಆಚೆಯಿಂದ ಯಾರೋ ಆ ಹೆಸರನ್ನು ಹೇಳಿದರು. ಅದೇ ರಾಗ! ಮುಂದಿನದಕ್ಕೆ ಹತ್ತಾರು ದನಿಗಳು ಸೇರಿದವು, ಅದರ ಮುಂದಿನದಕ್ಕೆ ಇಡೀ ಪ್ಲಾಟ್‌ಫಾರ್ಮು. ಅಂದಿನ ಮಕ್ಕಳು ಬೆಳೆದು ದೊಡ್ಡವರಾಗಿದ್ದರು, ಒಂದು ಹೆಸರನ್ನೂ ಮರೆತಿರಲಿಲ್ಲ. ಆಂಟಿ ಜೋರಾಗಿ ನಕ್ಕು, ಒಡಕು ಸ್ವರದಲ್ಲೇ ಅವರ ಜೊತೆ ಸೇರಿ, ಕೊನೆಯ ಊರನ್ನು ಕೂಗಿಯೇ ಬಿಟ್ಟರು. ರೈಲಿನ ಸೀಟಿ ನಮ್ಮ ಕೋಣೆ ತುಂಬಿತು.

"ಬಂತು ನೋಡು!" ಎಂದು ಎದ್ದು ನಿಂತರು. ಆ ಮುಖದ ಹೊಳಪು…

ಆಂಟಿ ತೀರಿಕೊಂಡು ವರ್ಷಗಳಾದವು. ನಾವೀಗ ಸಿಡ್ನಿಯದೇ ಕೆಲ್ಲಿವಿಲ್‌ನಲ್ಲಿ, ಎರಡಂತಸ್ತಿನ ಸ್ವಂತ ಮನೆಯಲ್ಲಿದ್ದೇವೆ. ಈಚೆಗೆ ಅವರ ಮಗಳು ಫೋನ್ ಮಾಡಿ, ಆ ಊರಿಗೆ ಈಗ ಭಾನುವಾರವೂ ರೈಲಿದೆಯಂತೆ ಎಂದರು. ಕೂಡಲೇ ಮೇಲೆ ಓಡಿ ಆಂಟಿಗೆ ಹೇಳಬೇಕು ಅನ್ನಿಸಿ ಮೆಟ್ಟಿಲ ತನಕ ಹೋದೆ. ಮೇಲೆ ನಮ್ಮದೇ ಬೆಡ್‌ರೂಮುಗಳು.